ಕಿಟ್ ಮುಗಿಸಿದರೂ ಎಚ್. ಪೈಲೋರಿ ಹೋಗಿಲ್ಲ, ಮುಂದೇನು?

ಪ್ರಶ್ನೆ: ನನಗೆ 44 ವರ್ಷ. ಹೊಟ್ಟೆ ಉರಿ, ರಾತ್ರಿ ಹೊತ್ತು ನೋವು ಇತ್ತು. ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳು ಶುರುವಾಗುವ ಜಾಗದಲ್ಲಿ ಹುಣ್ಣಿದೆ, ಹುಣ್ಣು ತರುವ ಬ್ಯಾಕ್ಟೀರಿಯಾ ಎಚ್. ಪೈಲೋರಿ ಪಾಸಿಟಿವ್ ಎಂದರು. ಪ್ಯಾಂಟೊಪ್ರಜೋಲ್, ಕ್ಲಾರಿತ್ರೊಮೈಸಿನ್, ಅಮಾಕ್ಸಿಸಿಲಿನ್ ಇರುವ ಕಿಟ್ ಹತ್ತು ದಿನ ತಪ್ಪದೆ ತೆಗೆದುಕೊಂಡೆ. ಎರಡು ತಿಂಗಳ ಮೇಲೆ ಉಸಿರಿನ ಪರೀಕ್ಷೆ ಮಾಡಿಸಿದರೆ ಮತ್ತೆ ಪಾಸಿಟಿವ್. ಅದೇ ಕಿಟ್ ಇನ್ನೊಂದು ಸಲ ತಗೊಳ್ಳಿ ಎನ್ನುತ್ತಾರೆ ಮೆಡಿಕಲ್ ಶಾಪಿನವರು. ತೆಗೆದುಕೊಳ್ಳಬಹುದೇ? ಮನೆಯವರಿಗೂ ಪರೀಕ್ಷೆ ಬೇಕೇ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಅದೇ ಕಿಟ್ ಬೇಡ. ಮೊದಲ ಕೋರ್ಸಿಗೆ ಬಗ್ಗದೆ ಉಳಿದ ಬ್ಯಾಕ್ಟೀರಿಯಾ ಕ್ಲಾರಿತ್ರೊಮೈಸಿನ್‌ಗೆ ಜಗ್ಗದ ತಳಿಯೇ ಆಗಿರುವ ಸಾಧ್ಯತೆ ಹೆಚ್ಚು. ಈ ಔಷಧಿ ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮಿಗೆ ಅಂಟಿಕೊಂಡು ಕೆಲಸ ಮಾಡುತ್ತದೆ. ಅಂಟುವ ಜಾಗದಲ್ಲೇ ಮ್ಯುಟೇಶನ್ (ಜೀನಿನ ಬದಲಾವಣೆ) ಆಗಿದ್ದರೆ ಡೋಸ್ ಏರಿಸಿದರೂ, ದಿನ ಹೆಚ್ಚಿಸಿದರೂ ಉಪಯೋಗವಿಲ್ಲ. ಹತ್ತು ದಿನ ಎಂಬುದೂ ಕಡಿಮೆಯೇ ಆಯಿತು. ಈಗ ಸಾಮಾನ್ಯವಾಗಿ 14 ದಿನ ಕೊಡುತ್ತೇವೆ.

ಹಿಂದೆ ಯಾವ್ಯಾವ ಆ್ಯಂಟಿಬಯಾಟಿಕ್ ನುಂಗಿದ್ದೀರಿ ಎಂದು ಕೇಳದೆ ಯಾರೂ ನಿಮಗೆ ಮುಂದಿನ ಚೀಟಿ ಬರೆಯಬಾರದು. ಗಂಟಲು ನೋವು, ಕೆಮ್ಮು ಎಂದರೆ ಮೂರು ದಿನ ಅಜಿತ್ರೊಮೈಸಿನ್ ತಿನ್ನುವುದು ನಮ್ಮಲ್ಲಿ ರೂಢಿ. ಅದು ಕ್ಲಾರಿತ್ರೊಮೈಸಿನ್‌ನ ದಾಯಾದಿ. ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೂ ಬಗ್ಗುವುದಿಲ್ಲ. ಭೇದಿಯಾದಾಗ ಅಂಗಡಿಯವರು ಸಲೀಸಾಗಿ ಕೊಡುವ ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿ ಮಾತ್ರೆ ಇನ್ನೂ ದುಬಾರಿ ಬೀಳುತ್ತದೆ. ಎಚ್. ಪೈಲೋರಿಗೆ ಬಳಸುವ ಲಿವೋಫ್ಲಾಕ್ಸಾಸಿನ್, ಮೆಟ್ರೊನಿಡಜೋಲ್ ಎರಡರ ಬಲವನ್ನೂ ಅದು ಒಟ್ಟಿಗೇ ಕುಗ್ಗಿಸುತ್ತದೆ. ಹಳೆಯ ಚೀಟಿಗಳಿದ್ದರೆ ಎಲ್ಲವನ್ನೂ ಹುಡುಕಿ ತೆಗೆದುಕೊಂಡು ಹೋಗಿ. ಚೀಟಿ ಇಲ್ಲದೆ ತಿಂದದ್ದನ್ನೂ ಮುಚ್ಚಿಡಬೇಡಿ. ಒಂದು ಪ್ರದೇಶದಲ್ಲಿ ಕ್ಲಾರಿತ್ರೊಮೈಸಿನ್ ಪ್ರತಿರೋಧ ಶೇ 15 ದಾಟಿದ್ದರೆ, ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗುತ್ತದೆಯೇ ಎಂದು ಪರೀಕ್ಷೆ ಮಾಡದೆ ಈ ಕಿಟ್ ಕೊಡಬಾರದು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಇಂಥ ತಳಿಯನ್ನು ಹೊಸ ಔಷಧಿ ತುರ್ತಾಗಿ ಬೇಕಾದ ಬ್ಯಾಕ್ಟೀರಿಯಾಗಳ ಪಟ್ಟಿಗೆ ಸೇರಿಸಿತ್ತು. ಆದರೂ ಕಿಟ್ ಬರೆಯುವುದು ಸುಲಭ, ಅದಕ್ಕೇ ಬರೆಯುತ್ತಾರೆ.

ನಿಮ್ಮ ವಿಷಯದಲ್ಲಿ ನಾನು ಮೊದಲು ಯೋಚಿಸುವುದು ಬಿಸ್ಮತ್ ಇರುವ ನಾಲ್ಕು ಔಷಧಿಗಳ ಕೋರ್ಸನ್ನು: ಆ್ಯಸಿಡ್ ತಗ್ಗಿಸುವ ಮಾತ್ರೆ (ಪ್ಯಾಂಟೊಪ್ರಜೋಲ್‌ನಂಥದ್ದು), ಬಿಸ್ಮತ್ (ಒಂದು ಲೋಹದ ಲವಣ), ಟೆಟ್ರಾಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್ ಎಂಬ ಎರಡು ಆ್ಯಂಟಿಬಯಾಟಿಕ್, 14 ದಿನ. ಭಾರತದಲ್ಲಿ ಮೆಟ್ರೊನಿಡಜೋಲ್ ಪ್ರತಿರೋಧವೇ ಎಲ್ಲಕ್ಕಿಂತ ಹೆಚ್ಚಲ್ಲವೇ ಎಂದು ಕೇಳಬಹುದು. ಹೌದು. ಆದರೆ ಇದು ಕ್ಲಾರಿತ್ರೊಮೈಸಿನ್ ಪ್ರತಿರೋಧದಂತಲ್ಲ. ಪೂರ್ತಿ ಡೋಸ್ ಕೊಟ್ಟು, ಜೊತೆಗೆ ಬಿಸ್ಮತ್ ಸೇರಿಸಿ, ಎರಡು ವಾರ ಮುಂದುವರಿಸಿದರೆ ಲ್ಯಾಬ್‌ನಲ್ಲಿ ಬಗ್ಗದ ತಳಿಯೂ ಹೊಟ್ಟೆಯೊಳಗೆ ಸಾಕಷ್ಟು ಸಲ ಸಾಯುತ್ತದೆ. ಟೆಟ್ರಾಸೈಕ್ಲಿನ್‌ಗೆ ಪ್ರತಿರೋಧ ಇನ್ನೂ ಕಡಿಮೆ. ಅದು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಹುಡುಕಬೇಕು. ಸಿಗಲಿಲ್ಲವೆಂದು ಅದರ ಬದಲು ಡಾಕ್ಸಿಸೈಕ್ಲಿನ್ ಕೊಟ್ಟರೆ ಒಪ್ಪಬೇಡಿ, ಇಲ್ಲಿ ಅದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅಮಾಕ್ಸಿಸಿಲಿನ್‌ಗೂ ಪ್ರತಿರೋಧ ಕಡಿಮೆಯೇ, ಹಾಗಾಗಿ ಟೆಟ್ರಾಸೈಕ್ಲಿನ್ ಆಗದವರಿಗೆ ಅದನ್ನು ಬೇರೆ ಜೋಡಿಯಲ್ಲಿ ಮತ್ತೆ ಬಳಸಬಹುದು. ರಿಫಾಬ್ಯುಟಿನ್ ಎಂಬುದೊಂದಿದೆ, ಟಿಬಿ ಇಷ್ಟಿರುವ ನಮ್ಮ ದೇಶದಲ್ಲಿ ಅದನ್ನು ಕೊನೆಗೆ ಇಟ್ಟುಕೊಳ್ಳುವುದೇ ಸರಿ, ಏಕೆಂದರೆ ಅದು ಟಿಬಿಯ ರಿಫಾಂಪಿಸಿನ್ ಕುಟುಂಬದ್ದು.

ಈ ಕೋರ್ಸ್ ಸುಲಭವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮಾತ್ರೆಗಳ ರಾಶಿ, ಬಾಯಿ ಕಹಿ, ವಾಕರಿಕೆ. ಆ್ಯಸಿಡ್ ಮಾತ್ರೆ ಬೆಳಿಗ್ಗೆ, ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ. ಟೆಟ್ರಾಸೈಕ್ಲಿನ್ ಜೊತೆ ಹಾಲು, ಮೊಸರು, ಕಬ್ಬಿಣದ ಮಾತ್ರೆ ಬೇಡ. ಹೊಟ್ಟೆಯಲ್ಲೇ ಔಷಧಿಯನ್ನು ಕಟ್ಟಿಹಾಕುತ್ತವೆ. ಗರ್ಭಿಣಿಯರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಕೊಡುವುದಿಲ್ಲ. ಮೆಟ್ರೊನಿಡಜೋಲ್ ಇರುವಷ್ಟು ದಿನ ಮದ್ಯ ಮುಟ್ಟಬೇಡಿ, ಮುಗಿದ ಮೇಲೂ ಮೂರು ದಿನ ಬಿಡಿ. ಬಿಸ್ಮತ್‌ನಿಂದ ನಾಲಗೆ, ಮಲ ಎರಡೂ ಕಪ್ಪಾಗುತ್ತವೆ. ಅದಕ್ಕೆ ಹೆದರಬೇಕಿಲ್ಲ. ಆದರೆ ನಿಮಗೆ ಹುಣ್ಣಿದೆ: ಮಲ ಟಾರಿನಂತೆ ಅಂಟಂಟಾಗಿ ಕೆಟ್ಟ ವಾಸನೆ ಬಂದರೆ, ತಲೆ ಸುತ್ತಿದರೆ, ರಕ್ತ ವಾಂತಿಯಾದರೆ ಬಿಸ್ಮತ್ ಎಂದು ಸುಮ್ಮನಿರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ.

ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರ ಕಳೆದ ಮೇಲೆ ಉಸಿರಿನ ಪರೀಕ್ಷೆ ಅಥವಾ ಮಲದ ಆ್ಯಂಟಿಜೆನ್ (ಬ್ಯಾಕ್ಟೀರಿಯಾದ ಅಂಶ ಹುಡುಕುವ) ಪರೀಕ್ಷೆ ಮಾಡಿಸಿ. ಅದಕ್ಕೆ ಎರಡು ವಾರ ಮುಂಚೆ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ನಿಲ್ಲಿಸಬೇಕು; ಹುಣ್ಣಿರುವುದರಿಂದ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ನೆಗೆಟಿವ್ ಬರಬಹುದು. ಆಂಟಾಸಿಡ್ ಸಿರಪ್ಪಿನಲ್ಲಿ ಆ ಎರಡು ವಾರ ದೂಡಬಹುದು. ರಕ್ತದ ಆ್ಯಂಟಿಬಾಡಿ ಪರೀಕ್ಷೆಗೆ ದುಡ್ಡು ಹಾಕಬೇಡಿ: ಬ್ಯಾಕ್ಟೀರಿಯಾ ಹೋದ ಮೇಲೂ ಅದು ತಿಂಗಳುಗಟ್ಟಲೆ ಪಾಸಿಟಿವ್ ತೋರಿಸುತ್ತದೆ.

ಇದೂ ಫಲಿಸದಿದ್ದರೆ ಮೂರನೆಯದನ್ನು ಅಂದಾಜಿನಲ್ಲಿ ಕೊಡಬಾರದು. ಎಂಡೋಸ್ಕೋಪಿಯಲ್ಲಿ ತುಣುಕು ತೆಗೆದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಅಥವಾ ಪಿಸಿಆರ್‌ನಿಂದ (ಜೀನ್ ಪರೀಕ್ಷೆ) ನೋಡಬೇಕು. ಈ ಬ್ಯಾಕ್ಟೀರಿಯಾ ಕಡಿಮೆ ಆಮ್ಲಜನಕದಲ್ಲಿ ನಿಧಾನವಾಗಿ ಬೆಳೆಯುವಂಥದ್ದು, ಎಲ್ಲ ಲ್ಯಾಬ್‌ನಲ್ಲೂ ಆಗುವ ಕೆಲಸವಲ್ಲ. ದೊಡ್ಡ ಆಸ್ಪತ್ರೆಯ ಗ್ಯಾಸ್ಟ್ರೋಎಂಟರಾಲಜಿ ವಿಭಾಗದಲ್ಲಿ ವಿಚಾರಿಸಿ.

ಮನೆಯವರ ಬಗ್ಗೆ: ತೊಂದರೆ ಇಲ್ಲದ ಎಲ್ಲರಿಗೂ ಪರೀಕ್ಷೆ ಮಾಡಿಸಿ ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಈ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿದ್ದೂ ಆರಾಮಾಗಿರುವವರು ಬಹಳ. ಹೊಟ್ಟೆನೋವು ಬಿಡದವರು, ಕಾರಣ ತಿಳಿಯದೆ ರಕ್ತ ಕಡಿಮೆ ಆದವರು, ತಂದೆ-ತಾಯಿ ಅಥವಾ ಒಡಹುಟ್ಟಿದವರಿಗೆ ಹೊಟ್ಟೆಯ ಕ್ಯಾನ್ಸರ್ ಆಗಿದ್ದವರು ಮಾಡಿಸಲಿ. ಉಳಿದವರಿಗೆ ಸದ್ಯಕ್ಕೆ ಬೇಡ.