ಲೇಸರ್ ಆದ್ಮೇಲೂ ನರ ಮತ್ತೆ ಉಬ್ಬಿದ್ರೆ?

ಮೇಡಂ, ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ಎರಡನೇ ಹೆರಿಗೆ ಆದ್ಮೇಲೆ ಎಡತೊಡೆ ಒಳಗಡೆ, ಸ್ವಲ್ಪ ಹಿಂದಕ್ಕೂ ನರ ಉಬ್ಬಿದೆ, ಲೇಸರ್ ಮಾಡಿಸಿದ್ರೂ ವಾಪಸ್ ಬಂತು, ಈಗ ಇನ್ನೊಂದ್ಸಲ ಲೇಸರ್ ಅಂತಿದಾರೆ, ಮಾಡಿಸ್ಲಾ ಬೇಡ್ವಾ ಅಂತ ಕೇಳಿದೀರಿ. ಪತ್ರದ ಕೊನೇಲಿ, ಪೀರಿಯಡ್ಸ್ ಹತ್ರ ಬಂದ್ರೆ ಕಿಬ್ಬೊಟ್ಟೆ ಭಾರ, ಗುಪ್ತಾಂಗದ ಹತ್ರಾನೂ ನರ ಕಾಣುತ್ತೆ ಅಂತ ಸಂಕೋಚದಿಂದ ಬರೆದಿದೀರಲ್ಲ, ಅದನ್ನ ಡಾಕ್ಟರಿಗೆ ಹೇಳಿದೀರಾ? ಹೇಳಿಲ್ಲ ಅಂದ್ರೆ ಮೊದ್ಲು ಅದನ್ನ ಹೇಳಿ, ನಾಚ್ಕೋಬೇಡಿ, ಇಲ್ಲಿ ಮುಖ್ಯವಾದ ಸುಳಿವೇ ಅದು.

ಸಾಮಾನ್ಯವಾಗಿ ವೇರಿಕೋಸ್ (ನರ ಉಬ್ಬೋ ತೊಂದ್ರೆ) ಅಂದ್ರೆ ತೊಡೆಸಂದಿನಿಂದ ಪಾದದವರೆಗೆ ಹೋಗೋ ಉದ್ದನೆ ಸಫೀನಸ್ ರಕ್ತನಾಳದ ಕವಾಟ ಕೆಟ್ಟು ರಕ್ತ ಕೆಳಕ್ಕೆ ಜಾರೋದು, ಲೇಸರ್ ಮುಚ್ಚೋದೂ ಹೆಚ್ಚಾಗಿ ಅದನ್ನೇ. ಆದ್ರೆ ಕೆಲವು ಹೆಂಗಸರಲ್ಲಿ, ಅದ್ರಲ್ಲೂ ಎರಡು ಮೂರು ಹೆರಿಗೆ ಆದವರಲ್ಲಿ, ರಕ್ತ ಜಾರೋದು ಇನ್ನೂ ಮೇಲಿಂದ, ಅಂಡಾಶಯದ ರಕ್ತನಾಳದಿಂದ ಕಿಬ್ಬೊಟ್ಟೆ ಒಳಗೆ ಇಳಿದು ಗುಪ್ತಾಂಗ, ತೊಡೆ ಒಳಭಾಗ, ಪೃಷ್ಠದ ಕಡೆ ಹೊರಬರುತ್ತೆ. ಎಡಗಡೇದು ನೇರವಾಗಿ ಕಿಡ್ನಿಯ ರಕ್ತನಾಳಕ್ಕೆ ಸೇರೋದ್ರಿಂದ ಅಲ್ಲೇ ತೊಂದ್ರೆ ಜಾಸ್ತಿ. ಮೇಲಿನ ಮೂಲ ಹಾಗೇ ಇದ್ರೆ ಕಾಲಲ್ಲಿ ಎಷ್ಟು ಸಲ ಸುಟ್ರೂ ಮತ್ತೆ ಬರಬಹುದು. ಇನ್ನು ಮೊಣಕಾಲ ಹಿಂದಿನ ಸಣ್ಣ ಸಫೀನಸ್, ತೊಡೆ ಮುಂದಿನ ಉಪನಾಳ, ಇವೂ ಕೆಲವೊಮ್ಮೆ ಸ್ಕ್ಯಾನಲ್ಲಿ ತಪ್ಪಿಹೋಗ್ತವೆ.

ಅದಕ್ಕೇ ಇನ್ನೊಂದ್ಸಲ ಲೇಸರಿಗೆ ಒಪ್ಪೋ ಮುಂಚೆ ನಿಂತ್ಕೊಂಡೇ ಡಾಪ್ಲರ್ (ರಕ್ತ ಯಾವ ಕಡೆ ಹರಿಯುತ್ತೆ ಅಂತ ತೋರಿಸೋ ಸ್ಕ್ಯಾನ್) ಮಾಡಿಸಿ, ಮಲಗಿಸಿ ಮಾಡಿದ್ರೆ ರಿಫ್ಲಕ್ಸ್ ಸರಿಯಾಗಿ ಸಿಗಲ್ಲ. ಮೀನಖಂಡ ಹಿಸುಕಿ ಬಿಟ್ಟಾಗ ಚರ್ಮಕ್ಕೆ ಹತ್ರ ಇರೋ ನಾಳದಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಜಾಸ್ತಿ ಹೊತ್ತು ಹಿಂದಕ್ಕೆ ಹರಿದ್ರೆ ಅದನ್ನ ರಿಫ್ಲಕ್ಸ್ ಅಂತಾರೆ. ಕಿಬ್ಬೊಟ್ಟೆಗೆ ಬೇರೆ ಸ್ಕ್ಯಾನ್ ಬೇಕು, ಯೋನಿ ಒಳಗಿಂದ ಮಾಡೋ ಅಲ್ಟ್ರಾಸೌಂಡು, ಬೇಕಾದ್ರೆ ಎಂಆರ್‌ಐ ವೆನೋಗ್ರಾಮ್, ಅಂದ್ರೆ ರಕ್ತನಾಳ ತೋರಿಸೋ ಎಂಆರ್‌ಐ.

ಕಿಬ್ಬೊಟ್ಟೆ ನೋವು ಜೋರಿದ್ದು ಸ್ಕ್ಯಾನಲ್ಲೂ ಅದೇ ಮೂಲ ಅಂತ ಬಂದ್ರೆ, ಕತ್ತು ಅಥವಾ ತೊಡೆಸಂದಿಂದ ತೆಳು ಟ್ಯೂಬ್ ಹಾಕಿ ಅಂಡಾಶಯದ ನಾಳಕ್ಕೆ ಕಾಯಿಲ್ (ಸಣ್ಣ ಲೋಹದ ಸುರುಳಿ) ಇಟ್ಟು ಮುಚ್ತಾರೆ, ಇದನ್ನ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ (ಸ್ಕ್ಯಾನ್ ನೋಡ್ಕೊಂಡೇ ಟ್ಯೂಬ್ ಹಾಕಿ ಚಿಕಿತ್ಸೆ ಕೊಡೋ ಡಾಕ್ಟರ್) ಮಾಡೋದು. ನೋವೇನಿಲ್ಲ, ಕಾಲಿನ ನರ ಮಾತ್ರ ಅಂದ್ರೆ ಎಷ್ಟೋ ಜನಕ್ಕೆ ತೊಡೆಯಲ್ಲೇ ಫೋಮ್ ಇಂಜೆಕ್ಷನ್ (ನರ ಮುಚ್ಚೋ ನೊರೆ ಔಷಧಿ) ಸಾಕಾಗುತ್ತೆ, ಕಾಯಿಲ್ ಬೇಕೇ ಬೇಕು ಅಂತ ಯಾರಾದ್ರೂ ಅವಸರ ಮಾಡಿದ್ರೆ ಯಾಕೆ ಅಂತ ಕೇಳಿ. ಮತ್ತೆ ಗರ್ಭಿಣಿ ಆಗೋ ಯೋಚನೆ ಇದ್ರೆ ಅದನ್ನೂ ಮೊದ್ಲೇ ಹೇಳಿ, ಇದೆಲ್ಲ ಸಾಮಾನ್ಯವಾಗಿ ಹೆರಿಗೆ ಆದ್ಮೇಲೇ ಮಾಡೋದು.

ಹಳೇ ಡಾಪ್ಲರ್ ರಿಪೋರ್ಟು, ಲೇಸರ್ ಡಿಸ್ಚಾರ್ಜ್ ಸಮ್ಮರಿ ಎರಡೂ ಹಿಡ್ಕೊಂಡು ವ್ಯಾಸ್ಕುಲರ್ ಸರ್ಜನ್ (ರಕ್ತನಾಳದ ಡಾಕ್ಟರ್) ಹತ್ರ ಹೋಗಿ. ಒಂದೇ ಕಾಲು ಇದ್ದಕ್ಕಿದ್ದಂಗೆ ಊದ್ಕೊಂಡು ನೋವಾದ್ರೆ ಅಥವಾ ಉಸಿರು ಕಟ್ಟಿದಂಗಾದ್ರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.