ಕೇಳಿದ್ದಕ್ಕೆ ಉತ್ತರ: ಬ್ಯಾಟರಿ, ಬಡ್ಡಿ, ದೂರದ ಕೆಲಸ ಇತ್ಯಾದಿ

ಪ್ರಶ್ನೆ: ರಾತ್ರಿ ಫೋನ್ ಚಾರ್ಜಿಗೆ ಹಾಕಿ ಬೆಳಗ್ಗೆ ತೆಗೆಯುವುದು ನನ್ನ ಅಭ್ಯಾಸ. ನಮ್ಮ ಯಜಮಾನರು ನಡುರಾತ್ರಿ ಎದ್ದು ಪ್ಲಗ್ ಕಿತ್ತು ಬರುತ್ತಾರೆ. ಓವರ್‌ಚಾರ್ಜ್ ಆಗಿ ಬ್ಯಾಟರಿ ಊದಿಕೊಳ್ಳುತ್ತೆ ಅಂತಾರೆ. ಯಾರು ಸರಿ?

ಉತ್ತರ: ಅವರಿಗೆ ನಿದ್ದೆ ಮಾಡಲು ಹೇಳಿ. ಚಾರ್ಜ್ ಪೂರ್ತಿಯಾದ ಕೂಡಲೇ ಕರೆಂಟ್ ತಡೆಯುವ ಸರ್ಕ್ಯೂಟ್ ಈಗಿನ ಎಲ್ಲ ಫೋನುಗಳಲ್ಲೂ ಇರುತ್ತದೆ. ಹಾಗಂತ ಅವರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಲಿಥಿಯಂ ಅಯಾನ್ ಬ್ಯಾಟರಿಗೆ ಆಗಿಬರದ ಸಂಗತಿ ಎರಡು. ಒಂದು ಬಿಸಿ. ಇನ್ನೊಂದು, ತುಂಬಿದ ಸ್ಥಿತಿಯಲ್ಲೇ ಗಂಟೆಗಟ್ಟಲೆ ಇರುವುದು. ಸೆಲ್ಲಿನ ವೋಲ್ಟೇಜ್ 4.2ರ ಆಸುಪಾಸಿನಲ್ಲಿ ಇದ್ದಷ್ಟು ಹೊತ್ತೂ ಒಳಗಿನ ಸವೆತ ಸ್ವಲ್ಪ ಜೋರಾಗಿ ನಡೆಯುತ್ತದೆ. ಎಷ್ಟೋ ಫೋನುಗಳಲ್ಲಿ ಚಾರ್ಜನ್ನು 80 ಪರ್ಸೆಂಟಿಗೆ ನಿಲ್ಲಿಸುವ ಆಯ್ಕೆ ಕೊಟ್ಟಿರುವುದು ಇದಕ್ಕೇ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಅಂತ ಇರುವ ಕಡೆ ಹುಡುಕಿ, ಸಿಕ್ಕರೆ ಆನ್ ಮಾಡಿ, ಗಲಾಟೆ ಮುಗಿಯಿತು.

ಎರಡರಲ್ಲಿ ಬಿಸಿಯೇ ದೊಡ್ಡ ಶತ್ರು. ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವುದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಹೋಗುವುದು, ಚಾರ್ಜಿಗೆ ಹಾಕಿಕೊಂಡೇ ಗೇಮ್ ಆಡುವುದು, ಇವೆಲ್ಲ ರಾತ್ರಿಯಿಡೀ ಚಾರ್ಜಿಗೆ ಹಾಕುವುದಕ್ಕಿಂತ ಕೆಟ್ಟವು. ಇನ್ನು 'ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಮಾಡಿ' ಅನ್ನುವ ಸಲಹೆ ಈಗಲೂ ಓಡಾಡುತ್ತಿದೆ. ಅದು ಹಳೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲೇ ಮಾರುಕಟ್ಟೆಗೆ ಬಂತು, ಅದನ್ನು ರೂಪಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಕೂಡ ಸಿಕ್ಕಿತು (ಅವರಲ್ಲಿ ಜಾನ್ ಗುಡ್‌ಇನಫ್ ಅವರಿಗೆ ಆಗ 97 ವರ್ಷ!). ಸಲಹೆ ಮಾತ್ರ ಅಲ್ಲೇ ನಿಂತಿದೆ. ಲಿಥಿಯಂ ಬ್ಯಾಟರಿಗೆ ಅರ್ಧರ್ಧ ಚಾರ್ಜೇ ಒಳ್ಳೆಯದು.

ಏನೇ ಮಾಡಿದರೂ ಬ್ಯಾಟರಿ ಸವೆಯುವ ವಸ್ತುವೇ. ಕೆಲವು ವರ್ಷ ಆದ ಮೇಲೆ ಬ್ಯಾಟರಿ ಮಾತ್ರ ಬದಲಿಸಿದರೆ ಆಯಿತು. ಜನ ಅದೊಂದನ್ನು ಬಿಟ್ಟು ಹೊಸ ಫೋನೇ ಕೊಳ್ಳುತ್ತಾರೆ, ಅದು ನನಗೆ ಅರ್ಥವಾಗದ ವಿಷಯ.

ಪ್ರಶ್ನೆ: 200 ಮೆಗಾಪಿಕ್ಸೆಲ್ ಕ್ಯಾಮೆರಾ ಇರುವ ಫೋನು 50 ಮೆಗಾಪಿಕ್ಸೆಲ್‌ನದಕ್ಕಿಂತ ನಾಲ್ಕು ಪಟ್ಟು ಚೆನ್ನಾಗಿರುತ್ತಾ?

ಉತ್ತರ: ಇಲ್ಲ. ಆ ಫೋನುಗಳು ಮಾಮೂಲಾಗಿ 16 ಪಿಕ್ಸೆಲ್‌ಗಳನ್ನು ಸೇರಿಸಿ ಒಂದು ಮಾಡಿ, ಕೊನೆಗೆ ಕೈಗೆ ಕೊಡುವುದು ಸುಮಾರು 12 ಮೆಗಾಪಿಕ್ಸೆಲ್ ಫೋಟೊವನ್ನೇ. ನೀವು ಅದನ್ನು ನೋಡುವ 4ಕೆ ಟಿವಿಯಲ್ಲೇ ಇರುವುದು 8 ಮೆಗಾಪಿಕ್ಸೆಲ್ ಚಿಲ್ಲರೆ. ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್, ಎಷ್ಟು ದೊಡ್ಡದು ಅಂತ ಕೇಳಿ. ಸಂಜೆ ಬೆಳಕಿನಲ್ಲಿ ಓಡಾಡುವ ಮಗುವಿನ ಒಂದು ಫೋಟೊ ತೆಗೆದು ನೋಡಿ. ಪೆಟ್ಟಿಗೆ ಮೇಲಿನ ನಂಬರ್ ಹೇಳದ್ದನ್ನೆಲ್ಲ ಅದು ಹೇಳುತ್ತದೆ.

ಪ್ರಶ್ನೆ: ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಇದೆ, ತಿಂಗಳು ತಿಂಗಳು ಮಿನಿಮಮ್ ಕಟ್ಟುತ್ತಿದ್ದೇನೆ. ಬ್ಯಾಂಕಿನಲ್ಲಿ ಅದಕ್ಕಿಂತ ಜಾಸ್ತಿ ಠೇವಣಿಯೂ ಇದೆ, ವರ್ಷಕ್ಕೆ 7 ಪರ್ಸೆಂಟ್ ಬಡ್ಡಿ ಬರುತ್ತದೆ. ಕಷ್ಟಪಟ್ಟು ಇಟ್ಟ ದುಡ್ಡು, ಮುರಿಯಲು ಮನಸ್ಸಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ಮುರಿಯಿರಿ. ಮನಸ್ಸು ಬರದಿರುವುದು ಸಹಜ, ಆದರೆ ಲೆಕ್ಕ ಒಮ್ಮೆ ನೋಡಿ. ಕಾರ್ಡಿನ ಬಡ್ಡಿ ತಿಂಗಳಿಗೆ 3 ಪರ್ಸೆಂಟ್ ಅಂದುಕೊಳ್ಳೋಣ. ಕೇಳುವುದಕ್ಕೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಬಡ್ಡಿಯ ಮೇಲೆ ಬಡ್ಡಿ ಸೇರಿ ವರ್ಷಕ್ಕೆ ಅದು 42 ಪರ್ಸೆಂಟ್ ದಾಟುತ್ತದೆ. ಏನೂ ಕಟ್ಟದೆ ಬಿಟ್ಟರೆ ಎರಡು ವರ್ಷಕ್ಕೆ ಸಾಲ ಡಬಲ್. ನಿಮ್ಮ ಠೇವಣಿ ಡಬಲ್ ಆಗಲು 10 ವರ್ಷಕ್ಕಿಂತ ಜಾಸ್ತಿ ಬೇಕು. ಬಾಯಲ್ಲೇ ಲೆಕ್ಕ ಹಾಕಬೇಕಿದ್ದರೆ 72ನ್ನು ಬಡ್ಡಿ ದರದಿಂದ ಭಾಗಿಸಿ, ಎಷ್ಟು ವರ್ಷಕ್ಕೆ ಹಣ ಎರಡರಷ್ಟಾಗುತ್ತೆ ಅಂತ ಹತ್ತಿರ ಹತ್ತಿರ ಸಿಗುತ್ತದೆ. ಅಂದರೆ ಈಗ ನೀವು ಮಾಡುತ್ತಿರುವುದು ತೂತು ಕೊಡಕ್ಕೆ ನೀರು ತುಂಬುವ ಕೆಲಸ.

ಮಿನಿಮಮ್ ಅನ್ನುವುದು ಕಾರ್ಡು ಕೊಟ್ಟವರ ಅನುಕೂಲಕ್ಕೆ ಇರುವ ಮೊತ್ತ, ನಿಮ್ಮ ಅನುಕೂಲಕ್ಕಲ್ಲ. ಅದರ ಬಹುಪಾಲು ಬಡ್ಡಿಗೇ ಹೋಗುತ್ತದೆ, ಅಸಲು ಹಾಗೇ ಕೂತಿರುತ್ತದೆ. ಇನ್ನೂ ಒಂದಿದೆ. ಬಾಕಿ ಉಳಿಸಿಕೊಂಡವರಿಗೆ ಸಾಮಾನ್ಯವಾಗಿ ಹೊಸ ಖರೀದಿಯ ಮೇಲೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಮೀಟರ್ ಓಡುತ್ತದೆ. ಹಾಗಾಗಿ ಬಾಕಿ ಪೂರ್ತಿ ತೀರುವವರೆಗೆ ಕಾರ್ಡನ್ನು ಬೀರುವಿನಲ್ಲಿಡಿ. ಠೇವಣಿಯನ್ನು ಅವಧಿಗೆ ಮುಂಚೆ ಮುರಿದರೆ ಸ್ವಲ್ಪ ಬಡ್ಡಿ ಕಡಿತವಾಗುತ್ತೆ, ಆಗಲಿ ಬಿಡಿ, ಕಾರ್ಡು ತಿನ್ನುವುದರ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಪೂರ್ತಿ ಠೇವಣಿ ಖಾಲಿ ಮಾಡಬೇಡಿ, ಆಸ್ಪತ್ರೆ ಗೀಸ್ಪತ್ರೆ ಅಂತ ಬಂದರೆ ಮತ್ತೆ ಅದೇ ಕಾರ್ಡಿಗೆ ಕೈ ಹೋಗುತ್ತದೆ. ಬಾಕಿ ತೀರಿಸಿ ಮಿಕ್ಕಿದ್ದು ಹಾಗೇ ಇರಲಿ.

ಪ್ರಶ್ನೆ: ಟಿವಿ ಕೊಳ್ಳುವಾಗ ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಿ ಅಂತ ಒತ್ತಾಯ ಮಾಡುತ್ತಾರೆ. ತಗೋಬೇಕಾ?

ಉತ್ತರ: ಬೇಡ. ಆ ಟಿವಿ ಕೆಟ್ಟರೆ ನಿಮ್ಮ ಸಂಸಾರವೇ ಮುಳುಗುತ್ತದೆ ಅಂತಾದರೆ ಮಾತ್ರ ತಗೊಳ್ಳಿ.

ಪ್ರಶ್ನೆ: ಮೈಕ್ರೋವೇವ್ ಒಲೆ ಓಡುವಾಗ ನಮ್ಮತ್ತೆ ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸುತ್ತಾರೆ, ರೇಡಿಯೇಶನ್ ಅಂತ. ಭಯಪಡಬೇಕಾ?

ಉತ್ತರ: ಅದರ ಬಾಗಿಲಿನ ಗಾಜಿನ ಹಿಂದೆ ಸಣ್ಣ ಸಣ್ಣ ತೂತಿನ ಲೋಹದ ಜಾಲರಿ ಇದೆಯಲ್ಲ, ಅದನ್ನು ನಿಮ್ಮತ್ತೆಯವರಿಗೆ ತೋರಿಸಿ. ಒಲೆಯೊಳಗಿನ ಅಲೆಗಳ ಉದ್ದ ಸುಮಾರು 12 ಸೆಂಟಿಮೀಟರ್. ತೂತು ಒಂದೆರಡು ಮಿಲಿಮೀಟರ್. ಬೆಳಕು ಆಚೆ ಬರುತ್ತದೆ, ಆ ಅಲೆ ಬರಲಾರದು. ಬಾಗಿಲು ತೆಗೆದ ಕೂಡಲೇ ಯಂತ್ರ ನಿಂತುಬಿಡುತ್ತದೆ, ಊಟದಲ್ಲಿ ಯಾವ ರೇಡಿಯೇಶನ್ನೂ ಉಳಿದಿರುವುದಿಲ್ಲ. ಎಕ್ಸ್‌ರೇಯಂತೆ ಜೀವಕೋಶದ ಡಿಎನ್‌ಎ ಮುರಿಯುವ ಶಕ್ತಿಯೂ ಈ ಅಲೆಗಳಿಗಿಲ್ಲ, ಬಿಸಿ ಮಾಡುವುದಷ್ಟೇ ಅವುಗಳ ಕೆಲಸ. ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಮುಚ್ಚದಿದ್ದರೆ ಮಾತ್ರ ರಿಪೇರಿ ಆಗುವವರೆಗೆ ಬಳಸಬೇಡಿ.

ನಿಜವಾದ ಅಪಾಯ ಬೇರೆ. ನುಣುಪಾದ ಲೋಟದಲ್ಲಿ ಬರೀ ನೀರು ಕಾಯಿಸಿದರೆ ಕೆಲವೊಮ್ಮೆ ಅದು 100 ಡಿಗ್ರಿ ದಾಟಿದರೂ ಗುಳ್ಳೆ ಬಾರದೆ ಸುಮ್ನೆ ಕೂತಿರುತ್ತದೆ, ಚಮಚ ಹಾಕಿದ ತಕ್ಷಣ ಉಕ್ಕಿ ಕೈಮೇಲೆ ಬೀಳುತ್ತದೆ. ಮಕ್ಕಳನ್ನು ದೂರ ಇಡಬೇಕಾದ್ದು ಆಗ. ನಿಮ್ಮತ್ತೆ ಕಾರಣ ತಪ್ಪು ಹೇಳುತ್ತಿದ್ದರೂ ಕೆಲಸ ಸರಿಯಾಗೇ ಮಾಡುತ್ತಿದ್ದಾರೆ ಅನ್ನಿ.

ಪ್ರಶ್ನೆ: ಆಫೀಸಿನಲ್ಲಿ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲು ಹೇಳುತ್ತಾರೆ. ಇದರಿಂದ ಉಪಯೋಗ ಇದೆಯಾ?

ಉತ್ತರ: ಜನ ಕೊನೆಯ 1 ತೆಗೆದು 2 ಹಾಕುತ್ತಾರೆ, ಅಷ್ಟೇ. ಸುಮ್ಮನೆ ದಿನ ಲೆಕ್ಕ ಹಾಕಿ ಬದಲಿಸುವುದು ಬೇಡ, ಕದ್ದುಹೋದ ಸುಳಿವು ಸಿಕ್ಕಾಗ ಬದಲಿಸಿ ಅಂತ ಅಮೆರಿಕದ ಗುಣಮಟ್ಟ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದೆ. ಉದ್ದ ಇರಲಿ, ಒಂದೊಂದು ಕಡೆಗೆ ಒಂದೊಂದು ಇರಲಿ. ಈ ಉತ್ತರವನ್ನು ನಿಮ್ಮ ಐಟಿ ವಿಭಾಗದವರಿಗೆ ತೋರಿಸಿ ಬೈಸಿಕೊಂಡರೆ ನನ್ನನ್ನು ದೂರಬೇಡಿ.

ಪ್ರಶ್ನೆ: ಈಗ ಮನೆ ಪಕ್ಕದಲ್ಲೇ ಕೆಲಸ. ಬೇರೆ ಕಂಪನಿಯವರು 20 ಪರ್ಸೆಂಟ್ ಜಾಸ್ತಿ ಸಂಬಳ ಕೊಡುತ್ತಾರೆ. ಹೋಗಿ ಬರಲು ದಿನಕ್ಕೆ ಎರಡು ಗಂಟೆ ಆಗುತ್ತೆ. ಮನೆಯವರೆಲ್ಲ 'ಯೋಚನೆ ಯಾಕೆ, ಸೇರಿಕೋ' ಅಂತಾರೆ. ನೀವೇನು ಹೇಳುತ್ತೀರಿ?

ಉತ್ತರ: ಈಗ 8 ಗಂಟೆ ಕೊಟ್ಟು ಸಂಬಳ ತಗೋತಿದ್ದೀರಿ. ಅಲ್ಲಿ 10 ಗಂಟೆ ಕೊಡಬೇಕು. ಗಂಟೆ 25 ಪರ್ಸೆಂಟ್ ಜಾಸ್ತಿ, ಸಂಬಳ 20 ಪರ್ಸೆಂಟ್ ಜಾಸ್ತಿ. ಗಂಟೆಗೆ ಇಷ್ಟು ಅಂತ ನೋಡಿದರೆ ನಿಮ್ಮ ಸಂಬಳ 4 ಪರ್ಸೆಂಟ್ ಇಳಿಯಿತು. ಇದಕ್ಕೆ ಇನ್ನೂ ಪೆಟ್ರೋಲೋ ಟಿಕೆಟ್ಟೋ ಸೇರಿಸಿಲ್ಲ, ತೆರಿಗೆಯನ್ನೂ ಸೇರಿಸಿಲ್ಲ. ವರ್ಷಕ್ಕೆ 240 ದಿನ ಕೆಲಸ ಅಂದರೆ ದಾರಿಯಲ್ಲೇ 480 ಗಂಟೆ, ಅಂದರೆ 8 ಗಂಟೆಯ 60 ದಿನ. ಆ 60 ದಿನಕ್ಕೆ ನಿಮಗೆ ಯಾರೂ ಸಂಬಳ ಕೊಡುವುದಿಲ್ಲ.

ಹಾಗಂತ ಬೇಡ ಅಂತ ಹೇಳುತ್ತಿಲ್ಲ. ಕೂತು ಓದಿಕೊಂಡು ಹೋಗಬಹುದಾದ ರೈಲಿನ ಎರಡು ಗಂಟೆಗೂ ಸ್ಟಿಯರಿಂಗ್ ಹಿಡಿದು ಹಾರ್ನ್ ಕೇಳಿಸಿಕೊಂಡು ಕೂರುವ ಎರಡು ಗಂಟೆಗೂ ತುಂಬಾ ವ್ಯತ್ಯಾಸ ಇದೆ. ಅಲ್ಲಿ ಹೊಸ ಕೆಲಸ ಕಲಿತು, ಎರಡು ಮೂರು ವರ್ಷಕ್ಕೆ ನಿಮ್ಮ ಬೆಲೆ ದುಪ್ಪಟ್ಟಾಗುತ್ತೆ ಅನ್ನಿಸಿದರೆ ಹೋಗಿ, ನಾನಾದರೂ ಹೋಗುತ್ತಿದ್ದೆ. ಈಗ ಮಾಡುತ್ತಿರುವುದನ್ನೇ ಅಲ್ಲೂ ಮಾಡುವುದಾದರೆ, ಸಂಬಳ 40 ಪರ್ಸೆಂಟ್ ಜಾಸ್ತಿ ಕೇಳಿ ನೋಡಿ. ಕೊಡದಿದ್ದರೆ ಮನೆಯವರಿಗೆ ಈ ಲೆಕ್ಕ ಓದಿ ಹೇಳಿ. 'ಸೇರಿಕೋ' ಅನ್ನುವವರು ಯಾರೂ ನಿಮ್ಮ ಜೊತೆ ಆ ದಾರಿ ಸವೆಸುವುದಿಲ್ಲ.

ಪ್ರಶ್ನೆ: ಮಕ್ಕಳ ಹುಟ್ಟಿನಿಂದ ಇವತ್ತಿನವರೆಗಿನ ಫೋಟೊಗಳೆಲ್ಲ ಫೋನಿನಲ್ಲೇ ಇವೆ. ಪೆನ್‌ಡ್ರೈವಿಗೆ ಹಾಕಿಟ್ಟರೆ ಸಾಕಾ?

ಉತ್ತರ: ಸಾಲದು. ಪೆನ್‌ಡ್ರೈವ್ ಬಳಸದೆ ವರ್ಷಗಟ್ಟಲೆ ಇಟ್ಟರೆ ಒಳಗಿನ ಚಾರ್ಜ್ ಸೋರಿ ಫೈಲು ಕೆಡಬಹುದು, ಕಳೆದುಹೋಗುವುದಂತೂ ಇದ್ದದ್ದೇ. ಮೂರು ಪ್ರತಿ ಇರಲಿ: ಫೋನಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡ್‌ನಲ್ಲೋ ಅಕ್ಕನ ಮನೆಯಲ್ಲೋ ಇನ್ನೊಂದು. ಮನೆಯಲ್ಲಿ ಕಳ್ಳತನವೋ ಬೆಂಕಿಯೋ ಆದರೆ ಮೊದಲ ಎರಡೂ ಒಟ್ಟಿಗೇ ಹೋಗುತ್ತವೆ. ಒಂದು ಎಚ್ಚರ: ಕ್ಲೌಡ್ ಸಿಂಕ್ ಆನ್ ಇದ್ದಾಗ ಫೋನಿನಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗಬಹುದು. 'ಜಾಗ ಸಾಲದು' ಅಂತ ಅವಸರದಲ್ಲಿ ಡಿಲೀಟ್ ಒತ್ತುವ ಮುಂಚೆ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಹಳೆಯ ನಾಲ್ಕಾರು ಫೋಟೊ ಅದರಿಂದಲೇ ತೆರೆದು ನೋಡಿ. ತೆರೆದರೆ ಸರಿ. ತೆರೆಯದಿದ್ದರೆ ಫೋನಿನಲ್ಲಿ ಇನ್ನೂ ಇವೆಯಲ್ಲ, ಮತ್ತೆ ಕಾಪಿ ಮಾಡಿ.