ತೈವಾನ್‌ಗೆ ಹೊಸದಾಗಿ ಬಂದಿರೋ ತಮ್ಮನಿಗೆ: ಇಲ್ಲಿನವ್ರು ಬುದ್ಧನ ಕಡೆಯವ್ರಾ, ಕನ್ಫ್ಯೂಶಿಯಸ್ ಕಡೆಯವ್ರಾ?

ಅಕ್ಕ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೀತೀನಿ. ಇಲ್ಲಿನ ಶಿಂಚು ಊರಿಗೆ ಬಂದು ಆರು ವಾರ ಆಯ್ತು, ಊಟದ್ದೇ ದೊಡ್ಡ ತಲೆನೋವು, ಆಫೀಸಲ್ಲಿ ನಿಮ್ಮ ಧರ್ಮ ಯಾವ್ದು ಅಂತ ಕೇಳಿದ್ರೆ ಒಬ್ಬ ಸುಮ್ನೆ ನಕ್ಕ, ಇನ್ನೊಬ್ಳು "ಬೌದ್ಧ ಇರ್ಬೇಕು" ಅಂದ್ಲು, ಅವಳೇ ಮಧ್ಯಾಹ್ನ ಹಂದಿಮಾಂಸದ ಅನ್ನ ತಿಂತಿದ್ಲು, ಊರಲ್ಲಿ ನೋಡಿದ್ರೆ ಕನ್ಫ್ಯೂಶಿಯಸ್‌ಗೆ ದೇವಸ್ಥಾನ ಇದೆ ಆದ್ರೆ ಒಳಗೆ ವಿಗ್ರಹನೇ ಇಲ್ಲ, ಇವ್ರು ಏನು ನಂಬ್ತಾರೆ ಅಕ್ಕಾ ನಾನು ಹೇಗಿರ್ಬೇಕು ಅಂತ ಕೇಳಿದ್ದೀಯ. ಕೊನೇಲಿ ಇನ್ನೊಂದು ಸಾಲು ಬರ್ದಿದ್ದೀಯ, ಅಪ್ಪ ಅಮ್ಮನ್ನ ಬಿಟ್ಟು ಇಷ್ಟು ದೂರ ಬಂದಿದ್ದು ತಪ್ಪಾಯ್ತೇನೋ ಅಂತ ರಾತ್ರಿ ಹೊತ್ತು ಅನ್ಸುತ್ತೆ ಅಂತ. ನೀನು ಬೇರೆ ಬೇರೆ ಅಂದ್ಕೊಂಡು ಕೇಳಿರೋ ಈ ಎರಡೂ ಪ್ರಶ್ನೆ ಒಂದೇ ಜಾಗಕ್ಕೆ ಬಂದು ಸೇರುತ್ತೆ, ನನಗೆ ಅದು ಗೊತ್ತಾಗೋಕೆ ನಾನಿಲ್ಲಿ ಕಳೆದ ಹದಿನೇಳು ವರ್ಷದಲ್ಲಿ ಅರ್ಧ ಹೋಯ್ತು.

ಮೊದ್ಲು ಹೊಟ್ಟೆ ವಿಷಯ. "ಸೂ" ಅನ್ನೋ ಒಂದು ಅಕ್ಷರ ಕಲಿತ್ಕೋ, ಸಸ್ಯಾಹಾರ ಅಂತ. ಆ ಅಕ್ಷರ ಇರೋ ಬೋರ್ಡು, ಪಕ್ಕದಲ್ಲಿ ನಮ್ಮ ಸ್ವಸ್ತಿಕದ ಥರ ಗುರುತು ಇದ್ರೆ ಧೈರ್ಯವಾಗಿ ಒಳಗೆ ಹೋಗು, ತಟ್ಟೆಗೆ ಬೇಕಾದ್ದು ಹಾಕ್ಕೊಂಡು ಎಷ್ಟೋ ಕಡೆ ತೂಕ ಮಾಡಿಸಿ ದುಡ್ಡು ಕೊಡೋದು. ಪ್ಯಾಕೆಟ್ ಮೇಲೆ ಐದು ಥರ ಬರ್ದಿರ್ತಾರೆ, ಬರೀ ಗಿಡದ್ದು, ಹಾಲು ಇರೋದು, ಮೊಟ್ಟೆ ಇರೋದು, ಹಾಲು ಮೊಟ್ಟೆ ಎರಡೂ ಇರೋದು, ಮತ್ತೆ ಗಿಡದ್ದೇ ಆದ್ರೂ ಈರುಳ್ಳಿ ಬೆಳ್ಳುಳ್ಳಿ ಇರೋದು ಅಂತ. ಹೌದು, ಇಲ್ಲಿನ ಕಟ್ಟಾ ಬೌದ್ಧ ಅಡುಗೇಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ನಮ್ಮ ಅಜ್ಜಿ ಮಡಿ ಅಡುಗೆ ಇದ್ದ ಹಾಗೇ. ಬುದ್ಧನ ಕಾಲದ ಭಿಕ್ಷುಗಳು ಮನೆಮನೆಗೆ ಹೋಗಿ ಬೇಡ್ತಿದ್ದೋರು, ಬಟ್ಟಲಿಗೆ ಬಿದ್ದಿದ್ದು ಊಟ. ಚೀನಾದಲ್ಲಿ ಮಠದಲ್ಲೇ ಅಡುಗೆ ಮಾಡ್ಕೊಳ್ಳೋ ಪದ್ಧತಿ ಬಂತು, 6ನೇ ಶತಮಾನದ ಶುರುವಿನಲ್ಲಿ ಲಿಯಾಂಗ್ ವಂಶದ ವೂ ಅನ್ನೋ ದೊರೆ ಭಿಕ್ಷುಗಳು ಮಾಂಸ ಮುಟ್ಟಬಾರದು ಅಂತ ಪಟ್ಟು ಹಿಡಿದ, ಅಲ್ಲಿಂದ ಅದು ಗಟ್ಟಿಯಾಯ್ತು. ಮನೆಯವ್ರಿಗೆ ಆ ಕಟ್ಟು ಇಲ್ಲ. ತುಂಬಾ ಜನ ಚಾಂದ್ರಮಾನ ತಿಂಗಳ ಮೊದಲನೇ ದಿನ ಮತ್ತೆ ಹದಿನೈದನೇ ದಿನ ಮಾತ್ರ ಮಾಂಸ ಬಿಡ್ತಾರೆ, ನಮ್ಮಲ್ಲಿ ಸೋಮವಾರ ಶನಿವಾರ ಬಿಡಲ್ವಾ ಹಾಗೆ. ನಿನ್ನ ಕಲೀಗ್ ಸುಳ್ಳು ಹೇಳಿಲ್ಲ ಪಾಪ.

ಇನ್ನು ಧರ್ಮ ಯಾವ್ದು ಅನ್ನೋ ಪ್ರಶ್ನೆ. ಆ ಪ್ರಶ್ನೆನೇ ಇಲ್ಲಿ ಸರಿಯಾಗಿ ಕೂರಲ್ಲ ತಮ್ಮಾ. ನಮ್ಮಲ್ಲಿ ಫಾರಂ ತುಂಬೋವಾಗ ಒಂದು ಖಾನೆ ಇರುತ್ತೆ ಒಂದೇ ಬರೀಬೇಕು, ಇಲ್ಲಿನವ್ರ ಮನಸ್ಸಲ್ಲಿ ಆ ಖಾನೆ ಇಲ್ಲ. ಕನ್ಫ್ಯೂಶಿಯಸ್ ಕೇಳಿದ ಪ್ರಶ್ನೆ ಬೇರೆ, ಬುದ್ಧ ಕೇಳಿದ ಪ್ರಶ್ನೆ ಬೇರೆ, ಉತ್ತರ ಎರಡೂ ಒಂದೇ ಮನೇಲಿ ಇಟ್ಕೊಳ್ಳೋಕೆ ಇವ್ರಿಗೆ ಏನೂ ಕಷ್ಟ ಇಲ್ಲ. ಅದರ ಮೇಲೆ ಚೀನಾದ್ದೇ ಹಳೇ ದಾವ್ ಪಂಥದ ದೇವರುಗಳು, ಸಮುದ್ರದ ತಾಯಿ ಮಾಝು, ಭೂಮಿದೇವರು ಬೇರೆ, ನಿಮ್ಮ ಆಫೀಸ್ ಮುಂದೆ ಟೇಬಲ್ ಹಾಕಿ ಹಣ್ಣು ಬಿಸ್ಕತ್ತು ಇಡೋದು ಆ ಲೆಕ್ಕ, ಅದನ್ನ ಇನ್ನೊಂದ್ ಸಲ ಹೇಳ್ತೀನಿ.

ಕನ್ಫ್ಯೂಶಿಯಸ್ ಅನ್ನೋದು ಪಾದ್ರಿಗಳು ಲ್ಯಾಟಿನ್‌ಗೆ ತಿರುಗಿಸಿದ ಹೆಸರು, ಇಲ್ಲಿ ಕೊಂಗ್‌ಜಿ ಅಂತಾರೆ, ಕೊಂಗ್ ಮೇಷ್ಟ್ರು ಅಂದ ಹಾಗೆ. ಕ್ರಿ.ಪೂ. 551ರಲ್ಲಿ ಲೂ ಅನ್ನೋ ಸಣ್ಣ ರಾಜ್ಯದಲ್ಲಿ ಹುಟ್ಟಿದ್ದು, ಈಗಿನ ಚೀನಾದ ಶಾನ್‌ಡಾಂಗ್ ಪ್ರಾಂತ್ಯದ ಚೂಫು ಊರು. ಮೂರು ವರ್ಷದ ಮಗು ಇದ್ದಾಗ ಅಪ್ಪ ಹೋದ್ರು, ಅಮ್ಮನೇ ಬಡತನದಲ್ಲಿ ಸಾಕಿದ್ದು, ಹುಡುಗ ಇದ್ದಾಗ ಕಣಜದ ಲೆಕ್ಕ ಬರೆದಿದ್ದಾರೆ, ದನ ಕುರಿ ನೋಡ್ಕೊಂಡಿದ್ದಾರೆ. ಆಗ ಚೀನಾ ಆಳ್ತಿದ್ದ ಝೌ ವಂಶದ ದೊರೆಗಳ ಹಿಡಿತ ಸಡಿಲ ಆಗಿ ಪಾಳೆಯಗಾರರು ಒಬ್ರನ್ನೊಬ್ರು ತಿಂತಿದ್ದ ಕಾಲ. ಜನ ಜನರ ಜತೆ ಹೇಗೆ ಬದುಕಬೇಕು ಅನ್ನೋದೇ ಅವರ ಪ್ರಶ್ನೆ. ದೇವರು ಯಾರು, ಸತ್ತ ಮೇಲೆ ಏನು ಅನ್ನೋದಕ್ಕೆ ಅವ್ರು ಕೈ ಹಾಕಲೇ ಇಲ್ಲ, ಒಬ್ಬ ಶಿಷ್ಯ ಕೇಳಿದ್ದಕ್ಕೆ ಬದುಕೇ ಇನ್ನೂ ಗೊತ್ತಾಗಿಲ್ಲ ಸಾವು ಹೇಗೆ ಗೊತ್ತಾಗುತ್ತೆ ಅಂದ್ರಂತೆ. ಶಿಷ್ಯರು ಆಮೇಲೆ ಕೂಡಿಸಿಟ್ಟ ಮಾತುಗಳೇ ಲುನ್‌ಯು, ಇಪ್ಪತ್ತು ಭಾಗ. ಅದರಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಲಾಯದ ಕಥೆ: ಕುದುರೆ ಲಾಯಕ್ಕೆ ಬೆಂಕಿ ಬಿದ್ದಿತ್ತು, ಮೇಷ್ಟ್ರು ಆಸ್ಥಾನದಿಂದ ವಾಪಸ್ ಬಂದವರೇ ಯಾರಿಗಾದ್ರೂ ಏಟಾಯ್ತಾ ಅಂತ ಕೇಳಿದ್ರು, ಕುದುರೆ ಬಗ್ಗೆ ಕೇಳಲಿಲ್ಲ. ಕುದುರೆಗೆ ಬೆಲೆ ಇದ್ದ ಕಾಲ, ಲಾಯದ ಆಳಿಗೆ ಅಲ್ಲ. ಅಷ್ಟೇ ಕಥೆ. ರೆನ್ ಅಂದ್ರೆ ಮನುಷ್ಯತ್ವ ಅಂತ ಇವ್ರು ಹೇಳೋದು ಇದನ್ನೇ. ಆ ರೆನ್ ಒಳಗಿದ್ರೆ ಸಾಲದು, ನಡವಳಿಕೇಲಿ ಕಾಣ್ಬೇಕು, ಎರಡು ಕೈಯಲ್ಲಿ ಕೊಡೋದು, ಹಿರಿಯರು ಕೂತ ಮೇಲೆ ಕೂರೋದು, ಸಾವಿನ ಮನೆಗೆ ಹೇಗೆ ಹೋಗ್ಬೇಕು ಅನ್ನೋದು, ಇದಕ್ಕೆ ಲಿ ಅಂತಾರೆ. ನಿನಗೆ ಬೇಡವಾದ್ದನ್ನ ಇನ್ನೊಬ್ರಿಗೆ ಮಾಡ್ಬೇಡ ಅನ್ನೋದೂ ಅವರದೇ ಮಾತು.

ಮುಂದೆ ಕೊಂಗ್‌ಜಿ ದಾರೀಲೇ ನಡೆದ ಮೆನ್ಸಿಯಸ್ ಅನ್ನೋ ಇನ್ನೊಬ್ಬ ಮೇಷ್ಟ್ರು ಐದು ಸಂಬಂಧ ಅಂತ ಜೋಡಿಸಿ ಹೇಳಿದ್ರು, ಅಪ್ಪ ಮಗ, ದೊರೆ ಮಂತ್ರಿ, ಗಂಡ ಹೆಂಡ್ತಿ, ಹಿರಿಯ ಕಿರಿಯ, ಸ್ನೇಹಿತರು. ಮೀಟಿಂಗಲ್ಲಿ ಬಾಸ್ ಹೇಳಿದ್ದಕ್ಕೆ ಎಲ್ರ ಮುಂದೆ ಯಾರೂ ಎದುರು ಮಾತಾಡಲ್ಲ ಅಂದ್ಯಲ್ಲ, ಬೇರು ಅಲ್ಲಿದೆ. ಆದ್ರೆ ಮೂಲದಲ್ಲಿ ಅದು ಒನ್‌ವೇ ಅಲ್ಲ, ಮೇಲಿರೋನು ಕೆಳಗಿರೋನನ್ನ ನೋಡ್ಕೊಳ್ಳಬೇಕು, ದೊರೆ ದೊರೆ ಥರ ಇರ್ಬೇಕು. ನಿನ್ನ ಸೀನಿಯರ್ ಊಟಕ್ಕೆ ಕರ್ಕೊಂಡು ಹೋಗಿ ದುಡ್ಡು ಕೊಡೋಕೆ ಬಿಡದೇ ಇದ್ರೆ ಜಗಳ ಆಡ್ಬೇಡ, ಮುಂದೆ ನಿನ್ನ ಜೂನಿಯರ್‌ಗೆ ನೀನು ಹಾಗೇ ಮಾಡು. ಬಾಸ್‌ಗೆ ತಪ್ಪು ತೋರಿಸ್ಬೇಕಾ, ಮೀಟಿಂಗ್ ಮುಗಿದ ಮೇಲೆ ಒಬ್ಬನೇ ಹೋಗಿ ಹೇಳು, ಕೇಳ್ತಾರೆ. ಹೆಣ್ಣಿನ ವಿಷಯದಲ್ಲಿ ಮಾತ್ರ ಈ ಪರಂಪರೆ ನನಗೆ ಒಪ್ಪಿಗೆ ಇಲ್ಲ, ಗಂಡ ಹೆಂಡ್ತಿ ಸಂಬಂಧ ಅಂತ ಹೇಳಿ ನೂರಾರು ವರ್ಷ ಹೆಣ್ಣನ್ನ ಮನೆಯೊಳಗೆ ಕೂರಿಸಿದ್ದು ಇದೇ ಹೆಸರಲ್ಲಿ. ಓದಿನ ವಿಷಯದಲ್ಲಿ ಕೈ ಮುಗೀತೀನಿ, ಕಲಿಸೋವಾಗ ಮೇಲು ಕೀಳು ನೋಡಬಾರದು ಅಂದ್ರು, ಒಂದು ಕಟ್ಟು ಒಣಮಾಂಸ ತಂದ್ರೂ ಸಾಕು ನಾನು ಪಾಠ ಹೇಳ್ತೀನಿ ಅಂದ್ರು. ನೀನು ನೋಡಿದ ಗುಡೀಲಿ ವಿಗ್ರಹ ಇಲ್ಲದೆ ಬರೀ ಹೆಸರಿನ ಫಲಕ ಇರೋದು ಇದಕ್ಕೇ, ಅವ್ರು ದೇವರಲ್ಲ ಮೇಷ್ಟ್ರು. ತೈನಾನ್‌ನಲ್ಲಿ 1665ರ ಗುಡಿ ಇದೆ, ಇಲ್ಲಿನ ಮೊದಲನೇದು, ಅದರ ಜತೆಗೇ ಶಾಲೆ ಇತ್ತು. ಅವರ ಹುಟ್ಟಿದ ದಿನ ಅಂತ ಸೆಪ್ಟೆಂಬರ್ 28ನ್ನ ಶಿಕ್ಷಕರ ದಿನ ಮಾಡ್ತಾರೆ, ಬೆಳಗಿನ ಜಾವ ಹೋಗಿ ನೋಡು.

ಈಗ ಬುದ್ಧ. ನಿನಗೆ ಸ್ಕೂಲಲ್ಲಿ ಓದಿದ್ದು ನೆನಪಿರುತ್ತೆ, ಲುಂಬಿನಿ, ಗಯಾ, ಸಾರನಾಥ, ಕುಶಿನಗರ. ಕಾಲ ಹೆಚ್ಚುಕಮ್ಮಿ ಕೊಂಗ್‌ಜಿ ಕಾಲವೇ, ಆದ್ರೆ ಇಬ್ರಿಗೂ ಒಬ್ರ ಹೆಸರು ಒಬ್ರಿಗೆ ಗೊತ್ತಿರಲಿಲ್ಲ. ಬುದ್ಧನ ಪ್ರಶ್ನೆ ದುಃಖ ಯಾಕೆ ಅನ್ನೋದು. ದುಃಖ ಇದೆ, ಅದಕ್ಕೆ ಆಸೆ ಅನ್ನೋ ಕಾರಣ ಇದೆ, ಅದು ನಿಲ್ಲೋಕೆ ಸಾಧ್ಯ ಇದೆ, ನಿಲ್ಲಿಸೋಕೆ ಎಂಟು ಅಂಗದ ದಾರಿ ಇದೆ, ಡಾಕ್ಟರು ಕಾಯಿಲೆ ಹೇಳಿ ಔಷಧಿ ಬರೆದ ಹಾಗೆ. ನಾನು ಅನ್ನೋ ಗಟ್ಟಿ ವಸ್ತು ಒಳಗೆ ಹುಡುಕಿದ್ರೆ ಸಿಗಲ್ಲ, ಎಲ್ಲಾನೂ ಇನ್ನೊಂದನ್ನ ಆತುಕೊಂಡೇ ಇದೆ ಅನ್ನೋದು ಅದರ ತಿರುಳು. ಮಗು ಸತ್ತ ಕಿಸಾಗೋತಮಿಗೆ ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದ ಕಥೆ ಇವ್ರಿಗೂ ಗೊತ್ತು.

ನಿನ್ನ ಬಾಸ್ "ಬುದ್ಧ ನಿಮ್ಮ ದೇಶದವನು, ಹಾಗಾದ್ರೆ ನೀನು ಬೌದ್ಧನಾ" ಅಂತ ಒಂದಲ್ಲ ಒಂದು ದಿನ ಕೇಳೇ ಕೇಳ್ತಾರೆ, ನನ್ನನ್ನ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಲ್ಲ. ನಾನು ಫೋನಲ್ಲಿ ಕಲಬುರಗಿ ಜಿಲ್ಲೆಯ ಕನಗನಹಳ್ಳಿ ಶಿಲ್ಪ ತೋರಿಸ್ತೀನಿ, ಸನ್ನತಿ ಪಕ್ಕದ ಸ್ತೂಪ, ಅದರಲ್ಲಿ ಅಶೋಕ ರಾಣಿಯರ ಜತೆ ನಿಂತಿರೋ ಕಲ್ಲಿನ ಮೇಲೆ ರಾಯ ಅಶೋಕ ಅಂತ ಬ್ರಾಹ್ಮೀಲಿ ಹೆಸರೇ ಕೆತ್ತಿದ್ದಾರೆ. ಮಂಗಳೂರಿನ ಕದ್ರಿಯಲ್ಲಿ 968ರ ಶಾಸನ ಇರೋ ಲೋಕೇಶ್ವರನ ಕಂಚಿನ ಮೂರ್ತಿ ಇದೆ, ಲೋಕೇಶ್ವರ ಅಂದ್ರೆ ಅವಲೋಕಿತೇಶ್ವರ, ಅದೇ ಅವಲೋಕಿತೇಶ್ವರ ಚೀನಾಕ್ಕೆ ಬಂದು ಕಾಲ ಕಳೆದ ಹಾಗೆ ಹೆಣ್ಣಾಗಿ ಕ್ವಾನ್‌ಯಿನ್ ತಾಯಿ ಆದ. ತೈಪೆಯ ಲೊಂಗ್‌ಶಾನ್ ಗುಡಿ ಕಟ್ಟಿದ್ದು 1738ರಲ್ಲಿ, ಅಲ್ಲಿ ಮಧ್ಯದಲ್ಲಿ ಕೂತಿರೋದು ಆ ತಾಯಿನೇ. ಅದು ಗೊತ್ತಾದ ದಿನ ಗುಡೀಲಿ ನಿಂತು ನನಗೆ ಕಣ್ಣಲ್ಲಿ ನೀರು ಬಂದಿತ್ತು, ಊರಿನವ್ರು ಸಿಕ್ಕ ಹಾಗಾಯ್ತು.

ಆದ್ರೆ ಬುದ್ಧನ ಧರ್ಮ ಚೀನಾಕ್ಕೆ ಕಾಲಿಟ್ಟಾಗ ಅಲ್ಲಿನವ್ರು ಸುಲಭವಾಗಿ ಒಳಗೆ ಬಿಡಲಿಲ್ಲ. ನೀನು ತಿಳ್ಕೊಳ್ಳಬೇಕಾದ್ದು ಇದನ್ನೇ. ಮೈ, ಕೂದಲು, ಚರ್ಮ ಅಪ್ಪ ಅಮ್ಮ ಕೊಟ್ಟಿದ್ದು, ಅದಕ್ಕೆ ಊನ ಮಾಡಬಾರದು ಅಂತ ಕನ್ಫ್ಯೂಶಿಯನ್ನರ ಷ್ಯಾವ್‌ಜಿಂಗ್ ಗ್ರಂಥದಲ್ಲೇ ಇದೆ, ಷ್ಯಾವ್ ಅಂದ್ರೆ ಹೆತ್ತವರ ಋಣ, ಹೆತ್ತವರ ಭಕ್ತಿ. ಈ ಭಿಕ್ಷುಗಳು ನೋಡಿದ್ರೆ ತಲೆ ಬೋಳಿಸ್ಕೋತಾರೆ, ಮನೆತನದ ಹೆಸರು ಬಿಡ್ತಾರೆ, ಮದುವೆ ಇಲ್ಲ ಮಕ್ಕಳಿಲ್ಲ, ಹಾಗಾದ್ರೆ ಹಿರಿಯರಿಗೆ ಎಡೆ ಇಡೋರು ಯಾರು? ದೊರೆಗೆ ಬಗ್ಗಿ ನಮಸ್ಕಾರನೂ ಮಾಡಲ್ಲ, 404ರಲ್ಲಿ ಹುಯ್‌ಯುಆನ್ ಅನ್ನೋ ಭಿಕ್ಷು ಯಾಕೆ ಮಾಡಬೇಕಿಲ್ಲ ಅಂತ ಒಂದು ಪ್ರಬಂಧನೇ ಬರೆದ್ರು. 819ರಲ್ಲಿ ಹಾನ್ ಯು ಅನ್ನೋ ಪಂಡಿತ ಬುದ್ಧನ ಮೂಳೆಗೆ ಅರಮನೇಲಿ ಪೂಜೆ ಮಾಡಬಾರದು ಅಂತ ದೊರೆಗೆ ಕಾಗದ ಬರ್ದು ದೂರದ ದಕ್ಷಿಣಕ್ಕೆ ಗಡೀಪಾರಾದ, ಅದಾಗಿ ಇಪ್ಪತ್ತಾರು ವರ್ಷಕ್ಕೆ, 845ರಲ್ಲಿ, ಇನ್ನೊಬ್ಬ ದೊರೆ 4,600ಕ್ಕೂ ಹೆಚ್ಚು ಮಠ ಕೆಡವಿಸಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಭಿಕ್ಷು ಭಿಕ್ಷುಣಿಯರನ್ನ ಕಾವಿ ಬಿಡಿಸಿ ಮನೆಗೆ ಕಳಿಸಿದ. ಇದು ಬರೀ ದುಡ್ಡು ಅಧಿಕಾರದ ಜಗಳ ಅಲ್ಲ, ಅದೂ ಇತ್ತು, ಆದ್ರೆ ಒಳಗಿನ ಪ್ರಶ್ನೆ ಮನೆ ಬಿಟ್ಟು ಹೋಗಬಹುದಾ ಅನ್ನೋದು.

ಅದಕ್ಕೆ ಬೌದ್ಧರು ಕೊಟ್ಟ ಉತ್ತರ ಮುಲಿಯನ್ ಕಥೆ, ನಮ್ಮ ಮೊಗ್ಗಲ್ಲಾನ. ಬುದ್ಧನ ಶಿಷ್ಯ, ಸತ್ತ ತಾಯಿ ಪ್ರೇತಲೋಕದಲ್ಲಿ ಹಸಿದುಕೊಂಡಿರೋದು ಅವನಿಗೆ ಕಾಣುತ್ತೆ, ಅನ್ನ ಕೊಟ್ರೆ ಬಾಯಿಗೆ ಹೋಗೋ ಮೊದಲೇ ಕೆಂಡ ಆಗುತ್ತೆ. ಒಬ್ಬನ ಕೈಲಿ ಆಗಲ್ಲ, ಚಾಂದ್ರಮಾನ ಏಳನೇ ತಿಂಗಳ ಹದಿನೈದಕ್ಕೆ ಭಿಕ್ಷು ಸಂಘಕ್ಕೆಲ್ಲಾ ಊಟ ಹಾಕು, ಆ ಪುಣ್ಯ ತಾಯಿಗೆ ತಲುಪುತ್ತೆ ಅಂತಾನೆ ಬುದ್ಧ. ಮನೆ ಬಿಟ್ಟ ಮಗನೇ ತಾಯಿನ ಉಳಿಸಿದ, ಇದನ್ನ ಕೇಳಿ ಚೀನಾದ ಜನ ಬುದ್ಧನ್ನ ಮನೆಯವನು ಮಾಡ್ಕೊಂಡ್ರು. ಆ ತಿಂಗಳು ಪೂರ್ತಿ ಇಲ್ಲಿ ಮಾಳಪಕ್ಷದ ಥರ, ಬೀದೀಲೆಲ್ಲಾ ಎಡೆ.

ನನ್ನ ಕಥೆ ಹೇಳ್ತೀನಿ. 2021ರ ಮೇನಲ್ಲಿ, ಕೋವಿಡ್ ಎರಡನೇ ಅಲೇಲಿ, ತುಮಕೂರಲ್ಲಿ ಅಪ್ಪ ಹೋದ್ರು. ಹೋಗೋಕೆ ಆಗಲಿಲ್ಲ, ಊರಲ್ಲಿದ್ದ ನನ್ನ ಸ್ವಂತ ತಮ್ಮ ಫೋನ್ ಹಿಡ್ಕೊಂಡು ತೋರಿಸಿದ, ಅಷ್ಟೇ. ಅದಾಗಿ ಕೆಲವು ದಿನಕ್ಕೆ ಮಗ ಸ್ಕೂಲ್ ಪುಸ್ತಕದಿಂದ ಲುನ್‌ಯು ಸಾಲು ಜೋರಾಗಿ ಬಾಯಿಪಾಠ ಮಾಡ್ತಿದ್ದ, ತಂದೆತಾಯಿ ಬದುಕಿರೋವಾಗ ದೂರ ಹೋಗಬೇಡ ಅಂತ. ನಾನು ಪಾತ್ರೆ ಬಿಟ್ಟು ಅಲ್ಲೇ ಕೂತುಬಿಟ್ಟೆ. ಕೆಳಗಿನ ಮನೆ ಓನರ್ ಅಜ್ಜಿ ಬಂದಿದ್ರು, ಅವ್ರು ಮಗನಿಗೆ ಪೂರ್ತಿ ಓದು ಅಂದ್ರು. ಮುಂದಿನ ಸಾಲು, ಹೋಗಲೇಬೇಕಾದ್ರೆ ಎಲ್ಲಿಗೆ ಅಂತ ಗೊತ್ತಿರೋ ಹಾಗೆ ಹೋಗು. ನಿಮ್ಮ ಅಪ್ಪಂಗೆ ನೀನೆಲ್ಲಿದ್ದೀಯ ಅಂತ ಗೊತ್ತಿತ್ತಲ್ಲ ಅಂದ್ರು ಅಜ್ಜಿ. ಆ ವರ್ಷ ಏಳನೇ ತಿಂಗಳಲ್ಲಿ ಅವರೇ ಮಠಕ್ಕೆ ಕರ್ಕೊಂಡು ಹೋಗಿ ಅಪ್ಪನ ಹೆಸರನ್ನ ಚೀನೀ ಅಕ್ಷರದಲ್ಲಿ ಕಾಗದದ ಫಲಕದ ಮೇಲೆ ಬರೆಸಿದ್ರು, ಭಿಕ್ಷುಣಿಯರು ಸೂತ್ರ ಪಠಣ ಮಾಡೋವಾಗ ನೂರಾರು ಹೆಸರಿನ ಮಧ್ಯ ನಮ್ಮಪ್ಪನ ಹೆಸರೂ ಇತ್ತು. ನಿನ್ನ ಧರ್ಮ ಯಾವ್ದು ಅಂತ ಒಬ್ರೂ ಕೇಳಲಿಲ್ಲ.

ಬುದ್ಧನೂ ಮಲಗಿದ್ದ ಹೆಂಡತಿ ಮಗನ್ನ ಬಿಟ್ಟು ಹೋದವನೇ ಅಂತ ನೀನು ಸಮಾಧಾನ ಮಾಡ್ಕೋಬಹುದು, ಆದ್ರೆ ವಾಪಸ್ ಕಪಿಲವಸ್ತುಗೆ ಬಂದು ರಾಹುಲನಿಗೂ ದೀಕ್ಷೆ ಕೊಡಿಸಿದಾಗ ಬುದ್ಧನ ಮುದುಕ ಅಪ್ಪ ಶುದ್ಧೋದನ ಬಂದು, ಈ ನೋವು ಚರ್ಮ ಮಾಂಸ ಕೊಯ್ದು ಮೂಳೆಗೆ ಮುಟ್ಟುತ್ತೆ, ಇನ್ನು ಮೇಲೆ ಹೆತ್ತವರ ಒಪ್ಪಿಗೆ ಇಲ್ಲದೆ ಯಾರ ಮಗನಿಗೂ ದೀಕ್ಷೆ ಕೊಡಬೇಡ ಅಂತ ಕೇಳ್ಕೊಂಡ, ಬುದ್ಧ ಒಪ್ಪಿ ನಿಯಮ ಮಾಡಿದ. ನೀನು ಒಪ್ಪಿಗೆ ತಗೊಂಡೇ ಬಂದಿದ್ದೀಯ, ತಪ್ಪು ಮಾಡಿಲ್ಲ. ದುಡ್ಡು ಕಳಿಸ್ತಿದ್ದೀನಲ್ಲ ಅಂತ ಮಾತ್ರ ಸುಮ್ನಾಗ್ಬೇಡ, ಊಟ ಹಾಕೋದು ನಾಯಿ ಕುದುರೆಗೂ ಹಾಕ್ತೀವಿ, ಗೌರವ ಇಲ್ಲದಿದ್ರೆ ಏನು ವ್ಯತ್ಯಾಸ ಅಂತ ಕೊಂಗ್‌ಜಿ ಕೇಳಿದ್ದಾರೆ. ಹೆತ್ತವರ ವಯಸ್ಸು ಎಷ್ಟು ಅಂತ ಸದಾ ನೆನಪಿರಲಿ, ಒಂದು ಸಂತೋಷಕ್ಕೆ ಒಂದು ಭಯಕ್ಕೆ ಅಂತಾನೂ ಹೇಳಿದ್ದಾರೆ. ಇಲ್ಲಿಗೂ ನಮ್ಮೂರಿಗೂ ಎರಡೂವರೆ ಗಂಟೆ ವ್ಯತ್ಯಾಸ, ನೀನು ಕೆಲಸ ಮುಗ್ಸಿ ಎಂಟೂವರೆಗೆ ಫೋನ್ ಮಾಡಿದ್ರೆ ಅಲ್ಲಿ ಸಂಜೆ ಆರು, ಅಮ್ಮ ದೀಪ ಹಚ್ಚೋ ಹೊತ್ತು. ಅವ್ರಿಗೆ ನಿನ್ನ ರೂಮು, ಬೀದಿ, ತಿಂಡಿ ಅಂಗಡಿ ಎಲ್ಲಾ ವಿಡಿಯೋದಲ್ಲಿ ತೋರಿಸು, ಎಲ್ಲಿದ್ದೀಯ ಅಂತ ಕಣ್ಣಿಗೆ ಕಟ್ಟೋ ಹಾಗೆ.

ಹಾಂ, ಯಾರಾದ್ರೂ ಕೈ ಜೋಡಿಸಿ ಅಮಿತೊಫೊ ಅಂದ್ರೆ ಅಮಿತಾಭ ಬುದ್ಧನ ಹೆಸರು ಅದು, ನೀನೂ ಹಾಗೇ ಅನ್ನು. ಈ ವರ್ಷದ ಏಳನೇ ತಿಂಗಳು ಬಂದಾಗ ಅಪ್ಪನ ಹೆಸರು ಬರೆಸೋಕೆ ನಾನು ಅಜ್ಜಿ ಜತೆ ಮಠಕ್ಕೆ ಹೋಗ್ತೀನಿ. ನೀನೂ ಬರೋದಾದ್ರೆ ಹಿಂದಿನ ದಿನ ಮೆಸೇಜ್ ಹಾಕು, ಸ್ಟೇಷನ್‌ನಿಂದ ಕರ್ಕೊಂಡು ಹೋಗ್ತೀನಿ, ಮಧ್ಯಾಹ್ನದ ಊಟ ಅಲ್ಲೇ ಹಾಕ್ತಾರೆ.